ಬ್ಯಾರಿಕೇಡ್ ಸರಿದ ಮೇಲೆ ಮೂರನೆಯ ಪಥ ಯಾರಿಗೆ? ಹೊರವರ್ತುಲ ರಸ್ತೆಯ ಬಸ್ ಪಥ ಕುರಿತ ಚರ್ಚೆ

ಮಾರತಹಳ್ಳಿ ನಿವಾಸಿ:

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೊ ನೀಲಿ ಮಾರ್ಗದ ಕಂಬಗಳು ಎದ್ದು ನಿಂತಿವೆ. ಕಾಮಗಾರಿಗಾಗಿ ಹಾಕಿದ್ದ ಬ್ಯಾರಿಕೇಡ್‌ಗಳು ಒಂದೊಂದು ಕಡೆ ಸರಿಯತೊಡಗಿದಂತೆ ನನ್ನಲ್ಲಿ ಒಂದು ಹಳೆಯ ಪ್ರಶ್ನೆ ಮತ್ತೆ ಎದ್ದಿದೆ. 2019ರ ಅಕ್ಟೋಬರ್‌ನಲ್ಲಿ ಇದೇ ರಸ್ತೆಯ ಎಡಬದಿಯ ಒಂದು ಪಥವನ್ನು ಬಿಎಂಟಿಸಿ ಬಸ್‌ಗಳಿಗೆಂದು ಪ್ರಾಯೋಗಿಕವಾಗಿ ಮೀಸಲಿಟ್ಟು, ಸಾಲಾಗಿ ಗಿಡ್ಡ ಕಂಬಗಳನ್ನು ನೆಟ್ಟು ಬೇರ್ಪಡಿಸಿದ್ದು ಹಲವರಿಗೆ ನೆನಪಿರಬಹುದು. ಐದಾರು ತಿಂಗಳಲ್ಲೇ ಲಾಕ್‌ಡೌನ್ ಬಂದು ರಸ್ತೆಯೇ ಬರಿದಾಯಿತು. 2021ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಈ ಮೆಟ್ರೊ ಮಾರ್ಗಕ್ಕೆ ಒಪ್ಪಿಗೆ ನೀಡಿ, ಕೆಲಸ ಆರಂಭವಾದಾಗ ಆ ಕಂಬಗಳೂ ಹೋದವು. ಗೆದ್ದಿತೋ ಸೋತಿತೋ ಎಂದು ಅಳೆಯುವಷ್ಟು ಕಾಲ ಆ ಪ್ರಯೋಗ ಬಾಳಲೇ ಇಲ್ಲ.

ನಾನು ವಾರದಲ್ಲಿ ಎರಡು ದಿನ ಕಾರಿನಲ್ಲಿ, ಮೂರು ದಿನ ಬಸ್ಸಿನಲ್ಲಿ ಕಚೇರಿಗೆ ಹೋಗುವವನು. ಆದ್ದರಿಂದ ಎರಡೂ ಕಡೆಯ ಬೈಗುಳಗಳಿಗೆ ಅರ್ಹನಿದ್ದೇನೆ ಎಂದುಕೊಂಡು ಕೇಳುತ್ತಿದ್ದೇನೆ: ಆ ಬಸ್ ಪಥವನ್ನು ಮರಳಿ ತರಬೇಕೇ? ಬೇಕು ಎನ್ನುವವರು ಎಲ್ಲಿ ಮತ್ತು ಹೇಗೆ ಎಂಬುದನ್ನೂ, ಬೇಡ ಎನ್ನುವವರು ಅದರ ಬದಲು ಏನು ಎಂಬುದನ್ನೂ ದಯವಿಟ್ಟು ಬರೆಯಿರಿ. ಸರ್ಕಾರವನ್ನು ಬಯ್ಯುವುದಕ್ಕೆ ಬೇರೆ ಜಾಗಗಳು ಸಾಕಷ್ಟಿವೆ.

ಬೆಳ್ಳಂದೂರಿನ ಕಾರು ಮಾಲೀಕ:

ಖಂಡಿತ ಬೇಡ. 2019ರಲ್ಲಿ ನಾನು ಪ್ರತಿದಿನ ಇಬ್ಬಲೂರಿನಿಂದ ಮಹದೇವಪುರಕ್ಕೆ ಹೋಗುತ್ತಿದ್ದೆ. ಇದ್ದ ಮೂರು ಪಥಗಳಲ್ಲಿ ಒಂದನ್ನು ಕಿತ್ತುಕೊಂಡಿದ್ದರಿಂದ ಉಳಿದೆರಡರಲ್ಲಿ ನಾವು ಒತ್ತೊತ್ತಾಗಿ ನಿಂತಿರುತ್ತಿದ್ದೆವು; ಪಕ್ಕದ ಬಸ್ ಪಥವಾದರೋ ಕ್ರಿಕೆಟ್ ಆಡುವಷ್ಟು ಖಾಲಿ ಇರುತ್ತಿತ್ತು. ಯಾವಾಗಲೋ ಒಮ್ಮೆ ಒಂದು ಬಸ್ ಹೋಗುತ್ತಿತ್ತು. ತೆರಿಗೆ ಕಟ್ಟಿ ಕಾರು ಕೊಂಡವರು ಒಂದೂವರೆ ಗಂಟೆ ಹೊಗೆ ಕುಡಿಯುತ್ತ ನಿಂತಿರುವಾಗ ಕಣ್ಣೆದುರಿನ ಮೂರನೇ ಒಂದು ಭಾಗ ರಸ್ತೆಯನ್ನು ಬರಿದಾಗಿ ಬಿಡುವುದು ಯಾವ ಲೆಕ್ಕದ ನ್ಯಾಯ? ನಾನು ಬಸ್ಸಿನ ವಿರೋಧಿಯಲ್ಲ. ಬಸ್ಸುಗಳನ್ನು ಹೆಚ್ಚಿಸಲಿ, ಬೇಡ ಎಂದವರಾರು? ಆದರೆ ರಸ್ತೆಯನ್ನು ಹಂಚಿ ಹರಿದುಹಾಕುವುದು ಬೇಡ.

ನಿವೃತ್ತ ಎಂಜಿನಿಯರ್:

ರಸ್ತೆ ಮತ್ತು ಸಿಗ್ನಲ್ ವಿನ್ಯಾಸದಲ್ಲಿ ಮೂವತ್ತು ವರ್ಷ ಕಳೆದವನಾಗಿ ಆ 'ಖಾಲಿ ಪಥ'ದ ವಿಷಯವನ್ನು ಮೊದಲು ಬಿಡಿಸಿ ಹೇಳುತ್ತೇನೆ, ಏಕೆಂದರೆ ಬಸ್ ಪಥಗಳನ್ನು ಕೊಂದದ್ದು ಬಹುತೇಕ ಆ ಒಂದು ದೃಶ್ಯವೇ.

ಅಡ್ಡಿಯಿಲ್ಲದೆ ಚಲಿಸುವ ಒಂದು ಪಥದಲ್ಲಿ ಗಂಟೆಗೆ ಸುಮಾರು 1,800 ಕಾರುಗಳು ಸಾಗಬಹುದು ಎಂಬುದು ನಾವು ಸಾಮಾನ್ಯವಾಗಿ ಹಿಡಿಯುವ ಅಂಕಿ. ಒಂದು ಕಾರಿನಲ್ಲಿ ಒಂದೂವರೆ ಜನ ಎಂದು ಉದಾರವಾಗಿಯೇ ಎಣಿಸಿದರೆ ಗಂಟೆಗೆ 2,700 ಜನರಾಯಿತು. ಈಗ ಅದೇ ಪಥದಲ್ಲಿ ನಿಮಿಷಕ್ಕೊಂದು ಬಸ್, ಬಸ್ಸಿಗೆ 50 ಜನ ಎಂದುಕೊಳ್ಳಿ. ಗಂಟೆಗೆ 3,000 ಜನ. ಕಾರಿನ ಪಥ ತುಂಬಿ ತುಳುಕುತ್ತಿದ್ದರೂ ಬಸ್ಸಿನ ಪಥವೇ ಹೆಚ್ಚು ಜನರನ್ನು ದಾಟಿಸಿರುತ್ತದೆ. ಆದರೆ ಕಣ್ಣಿಗೆ ಕಾಣುವುದೇನು? ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುವ ಬಸ್ಸು ಒಂದು ನಿಮಿಷದಲ್ಲಿ 500 ಮೀಟರ್ ಸಾಗುತ್ತದೆ. ಅಂದರೆ ಒಂದು ಬಸ್ಸಿಗೂ ಅದರ ಹಿಂದಿನದಕ್ಕೂ ನಡುವೆ ಅರ್ಧ ಕಿ.ಮೀ. ಬರಿ ಡಾಂಬರು ಇರುತ್ತದೆ. ಕಾರಿನೊಳಗೆ ನಿಂತು ಬೆವರುತ್ತಿರುವವರಿಗೆ ಆ ಅರ್ಧ ಕಿ.ಮೀ. ಮಾತ್ರ ಕಾಣುತ್ತದೆ, ಆ ಬಸ್ಸಿನೊಳಗಿನ ಐವತ್ತು ತಲೆಗಳು ಕಾಣುವುದಿಲ್ಲ. ಬಸ್ ಪಥ ಚೆನ್ನಾಗಿ ಕೆಲಸ ಮಾಡಿದಷ್ಟೂ ಅದು ಖಾಲಿಯಾಗಿಯೇ ಕಾಣುತ್ತದೆ.

ಇದೇ ಲೆಕ್ಕ ಬಸ್ಸಿನವರ ಮೇಲೂ ಒಂದು ಹೊಣೆ ಹೊರಿಸುತ್ತದೆ. ಗಂಟೆಗೆ ಐವತ್ತೈದು ಅರುವತ್ತು ತುಂಬಿದ ಬಸ್ಸುಗಳನ್ನಾದರೂ ಓಡಿಸಲಾಗದಿದ್ದರೆ ಒಂದು ಇಡೀ ಪಥವನ್ನು ಕೇಳುವ ಹಕ್ಕು ಅವರಿಗಿಲ್ಲ. ಐದು ನಿಮಿಷಕ್ಕೊಂದು ಅರೆತುಂಬಿದ ಬಸ್ಸಿಗಾಗಿ ಪಥ ಮೀಸಲಿಟ್ಟರೆ ಬೆಳ್ಳಂದೂರಿನವರ ಸಿಟ್ಟು ನ್ಯಾಯವಾದದ್ದೇ.

ದ್ವಿಚಕ್ರ ಸವಾರ:

ಎಂಜಿನಿಯರ್ ಸರ್, ನಿಮ್ಮ ಲೆಕ್ಕದಲ್ಲಿ ಕಾರು ಮತ್ತು ಬಸ್ಸು ಮಾತ್ರ ಇವೆ. ಈ ನಗರದಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿ ದಾಟಿ ಹೋಗಿದೆ, ಅವುಗಳಲ್ಲಿ ಬಹುಪಾಲು ನಮ್ಮ ಸ್ಕೂಟರ್ ಮತ್ತು ಬೈಕುಗಳೇ. ನಾವು ರಸ್ತೆಯಲ್ಲಿ ಕಾರಿನ ಕಾಲು ಭಾಗ ಜಾಗವನ್ನೂ ತಿನ್ನುವುದಿಲ್ಲ. ಜನರನ್ನು ಎಣಿಸಬೇಕು ಎನ್ನುವುದಾದರೆ ನಮ್ಮನ್ನು ಯಾಕೆ ಎಣಿಸುವುದಿಲ್ಲ?

ನಿವೃತ್ತ ಎಂಜಿನಿಯರ್:

ಸರಿಯಾದ ಆಕ್ಷೇಪಣೆ, ಮತ್ತು ಇದಕ್ಕೆ ಸುಲಭದ ಉತ್ತರವಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಒಂದು ದ್ವಿಚಕ್ರವನ್ನು ಕಾರಿನ ಅರ್ಧದಿಂದ ಮುಕ್ಕಾಲು ಭಾಗಕ್ಕೆ ಸಮ ಎಂದು ಹಿಡಿಯುತ್ತೇವೆ. ನಿಂತಾಗ ತಿನ್ನುವ ಜಾಗ ಕಡಿಮೆಯಾದರೂ ಚಲಿಸುವಾಗ ಅಕ್ಕಪಕ್ಕದವರು ಬಿಡಬೇಕಾದ ಅಂತರವನ್ನೂ ಸೇರಿಸಿಕೊಳ್ಳಬೇಕಲ್ಲ. ಅರ್ಧ ಎಂದು ಹಿಡಿದರೆ ಬರಿಯ ದ್ವಿಚಕ್ರಗಳಿರುವ ಪಥದಲ್ಲಿ ಗಂಟೆಗೆ 3,600 ವಾಹನ, ವಾಹನಕ್ಕೆ ಸರಾಸರಿ 1.2 ಜನ ಎಂದರೆ 4,300ಕ್ಕೂ ಮೇಲೆ. ಮುಕ್ಕಾಲು ಎಂದು ಹಿಡಿದರೆ ಸುಮಾರು 2,900. ಅಂದರೆ ನಿಮಿಷಕ್ಕೊಂದು ಬಸ್ಸಿನ ಪಥಕ್ಕೆ ನಿಮ್ಮ ಸ್ಕೂಟರ್ ಪಥ ಸಮವಾಗಿ ನಿಲ್ಲುತ್ತದೆ, ಕೆಲವೊಮ್ಮೆ ಮೀರಿಸಲೂಬಹುದು. ಇದನ್ನು ಒಪ್ಪದೆ ಬಸ್ಸಿನ ಪರ ವಾದಿಸುವವರು ಅರ್ಧ ಲೆಕ್ಕ ಹೇಳುತ್ತಿದ್ದಾರೆ.

ವ್ಯತ್ಯಾಸವಿರುವುದು ಮುಂದಕ್ಕೆ. ಅದೇ ಪಥದಲ್ಲಿ ಬಸ್ಸುಗಳನ್ನು ನಿಮಿಷಕ್ಕೆ ಎರಡು ಮಾಡಿದರೆ 6,000 ಜನರಾಗುತ್ತಾರೆ. ಸ್ಕೂಟರ್ ಪಥ ತುಂಬಿದ ಮೇಲೆ ತುಂಬಿತು, ಅಷ್ಟೇ. ಇನ್ನು ಜಡಿಮಳೆಯಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ಕೈಗೂಸು ಇರುವಾಗ ಸ್ಕೂಟರ್ ಒಂದು ಆಯ್ಕೆಯೇ ಅಲ್ಲ ಎಂಬುದನ್ನು ಯಾವ ಕೋಷ್ಟಕವೂ ತೋರಿಸುವುದಿಲ್ಲ.

500ಡಿ ಪ್ರಯಾಣಿಕೆ:

ಬಸ್ಸಿನೊಳಗಿನ ಐವತ್ತು ತಲೆಗಳಲ್ಲಿ ನನ್ನದೂ ಒಂದು. 500ಡಿ ಮಾರ್ಗದ ಬಸ್ಸಿನಲ್ಲಿ ಹೆಬ್ಬಾಳದ ಕಡೆಯಿಂದ ಕಾಡುಬೀಸನಹಳ್ಳಿಗೆ ಎಂಟು ವರ್ಷಗಳಿಂದ ಓಡಾಡುತ್ತಿದ್ದೇನೆ. ಬಸ್ ಪಥವಿದ್ದ ಆ ಕೆಲವು ತಿಂಗಳಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಉಳಿದ ನಿಮಿಷಗಳದ್ದಲ್ಲ. ಮನೆಗೆ ಎಷ್ಟು ಹೊತ್ತಿಗೆ ತಲುಪುತ್ತೇನೆ ಎಂದು ಹೇಳುವುದು ಸಾಧ್ಯವಾಯಿತು. ಮಗುವನ್ನು ನೋಡಿಕೊಳ್ಳುವವರಿಗೆ 'ಏಳು ಗಂಟೆಗೆ ಬರುತ್ತೇನೆ' ಎಂದು ಮಾತು ಕೊಟ್ಟು ಉಳಿಸಿಕೊಳ್ಳುವುದು ಈ ರಸ್ತೆಯಲ್ಲಿ ಎಂಥ ಭಾಗ್ಯ ಎಂಬುದು ಅನುಭವಿಸಿದವರಿಗೇ ಗೊತ್ತು. ಈಗ ಅದೇ ದೂರಕ್ಕೆ ಒಂದು ದಿನ ಐವತ್ತು ನಿಮಿಷ, ಇನ್ನೊಂದು ದಿನ ಎರಡು ಗಂಟೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನಲ್ಲಿ ನಮ್ಮ ಸಂಖ್ಯೆ ಹೆಚ್ಚಾಗಿದೆ, ಟಿಕೆಟ್ಟಿನ ಚಿಂತೆ ಇಲ್ಲ. ಆದರೆ ಉಚಿತ ಬಸ್ಸು ಕಾರಿನ ಹಿಂದೆ ನಿಂತಿದ್ದರೆ ಉಳಿದ ಹಣಕ್ಕೆ ನಾವು ಹೊತ್ತನ್ನು ತೆರುತ್ತೇವೆ.

ಬಸ್ ಚಾಲಕ:

ನಾನು ಈ ರಸ್ತೆಯಲ್ಲಿ ಬಸ್ ಓಡಿಸುವವನು. ಬರೆದು ಅಭ್ಯಾಸವಿಲ್ಲ, ಮಗಳಿಂದ ತಿದ್ದಿಸಿ ಹಾಕುತ್ತಿದ್ದೇನೆ, ತಪ್ಪಿದ್ದರೆ ಮನ್ನಿಸಿ.

ಬಸ್ಸಿನವರು ನಿಲ್ದಾಣದಲ್ಲಿ ಎಡಕ್ಕೆ ಹೋಗದೆ ರಸ್ತೆಯ ನಡುವೆಯೇ ನಿಲ್ಲಿಸುತ್ತಾರೆ ಎಂದು ಎಲ್ಲರೂ ಬಯ್ಯುತ್ತಾರೆ. ಬಯ್ಯುವುದು ಸರಿ, ಆದರೆ ಕಾರಣ ಕೇಳಿ. ಬಸ್ ಬೇ ಎಂದು ರಸ್ತೆಯಿಂದ ಒಳಕ್ಕೆ ಒತ್ತಿ ಮಾಡಿದ ಜಾಗಕ್ಕೆ ಹನ್ನೆರಡು ಮೀಟರಿನ ಗಾಡಿಯನ್ನು ಪೂರ್ತಿ ತಿರುಗಿಸಿ ಒಳಗೆ ಹಾಕಿದರೆ ಮತ್ತೆ ಹೊರಗೆ ಬರಲು ಯಾರೂ ಜಾಗ ಬಿಡುವುದಿಲ್ಲ. ಇಂಡಿಕೇಟರ್ ಹಾಕಿ ಎರಡು ನಿಮಿಷ ಕಾಯುತ್ತೇವೆ, ಕೊನೆಗೆ ಮೂತಿ ತೂರಿಸಬೇಕಾಗುತ್ತದೆ. ಹಾಗೆ ಇಪ್ಪತ್ತು ಸ್ಟಾಪಿನಲ್ಲಿ ಎರಡೆರಡು ನಿಮಿಷ ಎಂದರೆ ನಲವತ್ತು ನಿಮಿಷ ಅಲ್ಲೇ ಹೋಯಿತು. ಅಷ್ಟಲ್ಲದೆ ಆ ಬೇ ಒಳಗೆ ಆಟೊ, ಡೆಲಿವರಿ ಹುಡುಗರ ಬೈಕು, ಕಂಪನಿ ಕ್ಯಾಬು ಮೊದಲೇ ನಿಂತಿರುತ್ತವೆ. ಬಸ್ ಪಥ ಇದ್ದಾಗ ಈ ಒಳಗೆ ಹೊರಗೆ ಆಟವೇ ಇರಲಿಲ್ಲ, ನಮ್ಮ ಪಥದಲ್ಲೇ ನಿಲ್ಲಿಸಿ ನಮ್ಮ ಪಥದಲ್ಲೇ ಹೊರಡುತ್ತಿದ್ದೆವು.

ಇನ್ನೊಂದು ಮಾತು. ಬಸ್ಸು ಹೆಚ್ಚು ಮಾಡಿ, ರಸ್ತೆ ಮಾತ್ರ ಕೇಳಬೇಡಿ ಎಂದು ಬೆಳ್ಳಂದೂರಿನ ಸಾಹೇಬರು ಹೇಳಿದ್ದಾರೆ. ಒಂದು ರೂಟಿಗೆ ಮೂವತ್ತು ಗಾಡಿ ಇವೆ ಎಂದುಕೊಳ್ಳಿ. ಹೋಗಿ ಬರಲು ಮೂರು ಗಂಟೆ ಹಿಡಿದರೆ ಸ್ಟಾಪಿನಲ್ಲಿ ಆರು ನಿಮಿಷಕ್ಕೊಂದು ಬಸ್ ಸಿಗುತ್ತದೆ. ಎರಡೇ ಗಂಟೆಗೆ ಹೋಗಿ ಬಂದರೆ ಅದೇ ಮೂವತ್ತು ಗಾಡಿ ನಾಲ್ಕು ನಿಮಿಷಕ್ಕೊಂದು ಸಿಗುತ್ತವೆ. ಹೊಸ ಬಸ್ಸು ಕೊಳ್ಳಲಿಲ್ಲ, ಹೊಸ ಡ್ರೈವರ್ ಬೇಕಾಗಲಿಲ್ಲ, ಡೀಸೆಲ್ ಕೂಡ ಉಳಿಯಿತು. ಈಗ ಆಗುತ್ತಿರುವುದು ಉಲ್ಟಾ. ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಕೊನೆಯ ಟ್ರಿಪ್ ಕಟ್ ಆಗುತ್ತದೆ, ಆ ಟ್ರಿಪ್ ನಂಬಿ ನಿಂತವರು ಮರುದಿನ ಸ್ಕೂಟರ್ ಕೊಳ್ಳುವ ಮಾತಾಡುತ್ತಾರೆ.

ಪಥದಲ್ಲಿ ತೊಂದರೆಯೂ ಇತ್ತು, ಅದನ್ನೂ ಹೇಳಬೇಕು. ಸರ್ವಿಸ್ ರಸ್ತೆಗೆ ಇಳಿಯುವ, ಅಲ್ಲಿಂದ ಹತ್ತುವ ಬಾಯಿಗಳಲ್ಲಿ ಎಲ್ಲರೂ ನಮ್ಮ ಪಥವನ್ನು ಅಡ್ಡ ದಾಟಲೇಬೇಕು. ಅಲ್ಲಿ ಕಂಬ ಇರುವುದಿಲ್ಲ. ಒಂದು ಬಾಯಿಯಲ್ಲಿ ಒಳಗೆ ನುಗ್ಗಿದ ಬೈಕು ಮುಂದಿನ ಬಾಯಿಯ ತನಕ ನಮ್ಮ ಮುಂದೆಯೇ ಹೋಗುತ್ತದೆ. ಕಂಬದ ನಡುವೆ ಸಿಕ್ಕಿಕೊಂಡ ಬೈಕಿನವನಿಗೆ ಹಿಂದೆ ಬಸ್ಸು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಅವನಿಗೆ ಏನಾದರೂ ಆದರೆ ಹೊಣೆ ನನ್ನ ತಲೆಗೆ.

ಧಾರವಾಡದವರು:

ಈ ಚರ್ಚೆಯನ್ನು ಬೆಂಗಳೂರಿನವರು ಹೊಸತು ಎಂಬಂತೆ ಮಾಡುತ್ತಿದ್ದಾರೆ. ನಮ್ಮಲ್ಲಿ ಇದು ದಿನನಿತ್ಯದ ಜಗಳ. ಹುಬ್ಬಳ್ಳಿ ಧಾರವಾಡದ ನಡುವೆ ಸುಮಾರು 22 ಕಿ.ಮೀ. ಬಿಆರ್‌ಟಿಎಸ್ (ಬಸ್ಸಿಗೇ ಮೀಸಲಾದ ತ್ವರಿತ ಸಾರಿಗೆ) ಮಾರ್ಗದಲ್ಲಿ 2018ರ ಅಕ್ಟೋಬರ್‌ನಿಂದ ಚಿಗರಿ ಬಸ್ಸುಗಳು ಓಡುತ್ತಿವೆ, ವಿಧ್ಯುಕ್ತ ಉದ್ಘಾಟನೆ ಆದದ್ದು 2020ರ ಫೆಬ್ರುವರಿಯಲ್ಲಿ. (ಚಿಗರಿ ಎಂದರೆ ನಮ್ಮ ಕಡೆಯ ಮಾತಿನಲ್ಲಿ ಜಿಂಕೆ. ಹೆಸರಿಟ್ಟವರಿಗೆ ಪೂರ್ತಿ ಅಂಕ ಕೊಡಬೇಕು.) ನಮ್ಮಲ್ಲಿ ಬಸ್ ಪಥ ಎಡಬದಿಗಿಲ್ಲ, ರಸ್ತೆಯ ನಟ್ಟನಡುವೆ ಇದೆ. ನಿಲ್ದಾಣವೂ ನಡುವೆಯೇ, ಟಿಕೆಟ್ಟನ್ನು ಒಳಗೆ ಹೋಗುವಾಗಲೇ ಪಡೆಯಬೇಕು, ವೇದಿಕೆಯ ಎತ್ತರ ಬಸ್ಸಿನ ನೆಲಕ್ಕೆ ಸಮ. ಆದ್ದರಿಂದ ಚಾಲಕರು ಹೇಳಿದ ಸರ್ವಿಸ್ ರಸ್ತೆಯ ಬಾಯಿಗಳ ತಾಪತ್ರಯ ನಮಗಿಲ್ಲ. ಬಸ್ಸು ಹೇಳಿದ ಹೊತ್ತಿಗೆ ಮುಟ್ಟಿಸುತ್ತದೆ.

ಆದರೂ ಜನ ಬಯ್ಯುವುದನ್ನು ನಿಲ್ಲಿಸಿಲ್ಲ, ಅದಕ್ಕೆ ಕಾರಣಗಳಿವೆ. ಬಸ್ಸಿಗೆ ಕೊಟ್ಟು ಉಳಿದ ರಸ್ತೆ ಊರೊಳಗೆ ಕೆಲವು ಕಡೆ ತೀರ ಕಿರಿದಾಯಿತು. ಚಿಗರಿ ಅಲ್ಲದ ಇತರ ಬಸ್ಸುಗಳು ಆ ಕಿರಿದಾದ ಭಾಗದಲ್ಲೇ ನಿಂತು ಜನರನ್ನು ಹತ್ತಿಸಿಕೊಳ್ಳುತ್ತವೆ. ಮಳೆ ಬಂದರೆ ಧಾರವಾಡದ ಟೋಲ್ ನಾಕಾ ಬಳಿ ನೀರು ನಿಲ್ಲುತ್ತದೆ. ನಡುವಿನ ನಿಲ್ದಾಣಕ್ಕೆ ಹೋಗಲು ಎಲ್ಲರೂ ಅರ್ಧ ರಸ್ತೆ ದಾಟಬೇಕು, ಅಲ್ಲಿ ವಾಹನಗಳು ನಿಲ್ಲುವುದು ಅಪರೂಪ. ಪಥ ಒಳ್ಳೆಯದೇ, ಆದರೆ ಪಥವನ್ನು ಮಾಡಿ ಅದರ ಅಕ್ಕಪಕ್ಕದ ರಸ್ತೆಯನ್ನು ಮರೆತರೆ ಜನ ಆ ಪಥಕ್ಕೇ ಶಾಪ ಹಾಕುತ್ತಾರೆ ಎಂಬುದು ನಮ್ಮ ಅನುಭವ.

ಕಾನೂನು ವಿದ್ಯಾರ್ಥಿ:

ದೆಹಲಿಯ ಉದಾಹರಣೆಯನ್ನೂ ಇಲ್ಲಿ ಸೇರಿಸಬೇಕು. ಅಂಬೇಡ್ಕರ್ ನಗರದಿಂದ ಮೂಲಚಂದ್‌ವರೆಗೆ 5.8 ಕಿ.ಮೀ. ಬಸ್ ಪಥ 2008ರಲ್ಲಿ ಆರಂಭವಾಯಿತು. ಅದನ್ನು ಎಲ್ಲ ವಾಹನಗಳಿಗೂ ತೆರೆಯಬೇಕೆಂದು ಕೋರಿದ ಅರ್ಜಿಯನ್ನು ದೆಹಲಿ ಹೈಕೋರ್ಟ್ 2012ರ ಅಕ್ಟೋಬರ್‌ನಲ್ಲಿ ವಜಾ ಮಾಡಿತು. ನ್ಯಾಯಾಲಯದಲ್ಲಿ ಗೆದ್ದ ಆ ಪಥವನ್ನು ಮುಂದೆ ಅಲ್ಲಿನ ಸರ್ಕಾರವೇ ಕೈಬಿಟ್ಟು 2016ರಲ್ಲಿ ಕಿತ್ತುಹಾಕಿತು. ಅಹಮದಾಬಾದಿನ ಜನಮಾರ್ಗ ಎಂಬ ಬಸ್ ಪಥದ ವ್ಯವಸ್ಥೆ 2009ರಲ್ಲಿ ಆರಂಭವಾಗಿ ಇಂದಿಗೂ ಓಡುತ್ತಿದೆ. ಎರಡಕ್ಕೂ ಇದ್ದ ಮುಖ್ಯ ವ್ಯತ್ಯಾಸವೆಂದರೆ ಅಹಮದಾಬಾದಿನಲ್ಲಿ ಆ ಮಾರ್ಗಕ್ಕೆ ತನ್ನದೇ ಬಸ್ಸುಗಳು, ತನ್ನದೇ ನಿಲ್ದಾಣಗಳಿದ್ದವು. ದೆಹಲಿಯಲ್ಲಿ ಸಿಕ್ಕ ಬಸ್ಸುಗಳೆಲ್ಲ ಆ ಪಥಕ್ಕೆ ಇಳಿದು ಸಿಗ್ನಲ್ಲಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು.

ಕಾನೂನಿನ ಮಟ್ಟಿಗೆ ಹೇಳುವುದಾದರೆ, ನಿರ್ದಿಷ್ಟ ರಸ್ತೆಯಲ್ಲಿ ಕೆಲವು ಬಗೆಯ ವಾಹನಗಳನ್ನು ನಿರ್ಬಂಧಿಸುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಲ್ಲಿದೆ. 2019ರ ತಿದ್ದುಪಡಿಯಿಂದ ಬಂದ 136ಎ ಕಲಮು ಕ್ಯಾಮೆರಾ ಮೂಲಕ ರಸ್ತೆ ಸುರಕ್ಷತೆಯ ನಿಗಾ ಇಡಲು ಅವಕಾಶ ಕೊಡುತ್ತದೆ. ಆದ್ದರಿಂದ ಕಂಬ ನೆಡುವುದೊಂದೇ ದಾರಿಯಲ್ಲ. ಬಸ್ಸಿನ ಮುಂಗಾಜಿಗೆ ಹಾಕಿದ ಕ್ಯಾಮೆರಾ ತನ್ನ ಪಥಕ್ಕೆ ಅಡ್ಡ ಬಂದವರ ನಂಬರ್ ಪ್ಲೇಟನ್ನು ಹಿಡಿಯಬಹುದು. ಬೈಕಿನವರು ಕಂಬಗಳ ನಡುವೆ ಸಿಕ್ಕಿಕೊಳ್ಳುವ ಅಪಾಯವೂ ಅಷ್ಟರಮಟ್ಟಿಗೆ ತಪ್ಪುತ್ತದೆ.

ಬೆಳ್ಳಂದೂರಿನ ಕಾರು ಮಾಲೀಕ:

ಚಾಲಕರ ಮಾತು ನನಗೆ ತಟ್ಟಿತು, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೂ ನನ್ನ ಮೂಲ ಪ್ರಶ್ನೆಗೆ ಉತ್ತರ ಬಂದಿಲ್ಲ. ಮೂರು ಪಥದಲ್ಲಿ ಹೋಗುತ್ತಿದ್ದ ಕಾರುಗಳನ್ನು ಎರಡಕ್ಕೆ ತಳ್ಳಿದರೆ ದಟ್ಟಣೆ ಒಂದೂವರೆ ಪಟ್ಟು ಆಗುವುದಿಲ್ಲವೇ? ಬಸ್ಸಿನಲ್ಲಿ ಕೂತವರ ಉಳಿತಾಯವನ್ನು ನಮ್ಮ ಜೇಬಿನಿಂದ ಕೊಟ್ಟಂತಾಯಿತು.

ನಿವೃತ್ತ ಎಂಜಿನಿಯರ್:

ಈ ಚರ್ಚೆಯ ತಿರುಳೇ ಇದು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಲಾಳಿಕೆಯಲ್ಲಿ ಎಣ್ಣೆ ಸುರಿಯುವುದನ್ನು ನೆನಪಿಸಿಕೊಳ್ಳಿ. ಮೇಲಿನ ಬಟ್ಟಲನ್ನು ಎಷ್ಟು ಅಗಲಿಸಿದರೂ ಕೆಳಗಿನ ನಾಳದಿಂದ ನಿಮಿಷಕ್ಕೆ ಬೀಳುವ ಎಣ್ಣೆ ಅಷ್ಟೇ. ಬಟ್ಟಲು ಅಗಲವಿದ್ದರೆ ಎಣ್ಣೆ ಗಿಡ್ಡವಾಗಿ ನಿಲ್ಲುತ್ತದೆ, ಕಿರಿದಾಗಿದ್ದರೆ ಎತ್ತರವಾಗಿ ನಿಲ್ಲುತ್ತದೆ, ಬರಿದಾಗಲು ಹಿಡಿಯುವ ಹೊತ್ತು ಒಂದೇ. ಹೊರವರ್ತುಲ ರಸ್ತೆಯಲ್ಲಿ ಅಂಥ ನಾಳಗಳು ಕೆಲವೇ ಇವೆ. ಸರ್ಜಾಪುರ ರಸ್ತೆಯ ವಾಹನಗಳು ಬಂದು ಸೇರುವ ಇಬ್ಬಲೂರು ಒಂದು. ಹಳೆ ಮದ್ರಾಸ್ ರಸ್ತೆಯ ಭಾರ ಬಂದು ಬೀಳುವ ಟಿನ್ ಫ್ಯಾಕ್ಟರಿ ಇನ್ನೊಂದು. ಸಿಲ್ಕ್ ಬೋರ್ಡನ್ನು ಹೇಳಬೇಕಾಗಿಯೇ ಇಲ್ಲ. ಸಂಜೆ ಆರಕ್ಕೆ ಮಹದೇವಪುರದಿಂದ ಟಿನ್ ಫ್ಯಾಕ್ಟರಿಯ ಕಡೆ ನಿಂತಿರುವ ಸಾಲು ಮುಂದಿನ ಆ ನಾಳದಿಂದ ನಿಂತದ್ದು, ತಾನು ನಿಂತಿರುವ ಜಾಗ ಕಿರಿದು ಎಂಬ ಕಾರಣಕ್ಕಲ್ಲ. ಅಲ್ಲಿ ಮೂರನೆಯ ಪಥ ನಿಮ್ಮನ್ನು ಬೇಗ ದಾಟಿಸುತ್ತಿಲ್ಲ, ನಿಂತುಕೊಳ್ಳಲು ಜಾಗ ಕೊಡುತ್ತಿದೆ ಅಷ್ಟೇ.

ಹಾಗಾದರೆ ಆ ಭಾಗದಲ್ಲಿ ಒಂದು ಪಥವನ್ನು ಬಸ್ಸಿಗೆ ಕೊಟ್ಟರೆ ಏನಾಗುತ್ತದೆ? ಮೂರು ಸಾಲಿನಲ್ಲಿ 2 ಕಿ.ಮೀ. ನಿಂತಿದ್ದ ವಾಹನಗಳು ಎರಡು ಸಾಲಿನಲ್ಲಿ 3 ಕಿ.ಮೀ. ನಿಲ್ಲುತ್ತವೆ. ಸಾಲು ಉದ್ದವಾಗಿ ಕಾಣುತ್ತದೆ, ಆದರೆ ನಾಳದಿಂದ ನಿಮಿಷಕ್ಕೆ ಹೊರಬೀಳುವ ಕಾರುಗಳು ಮೊದಲಿನಷ್ಟೇ ಆದ್ದರಿಂದ ಕಾರಿನವರು ಒಟ್ಟು ಕಾಯುವ ಹೊತ್ತು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಬಸ್ಸಾದರೋ ಆ ಇಡೀ ಸಾಲನ್ನು ಬದಿಯಿಂದ ದಾಟಿ ಮುಂದಕ್ಕೆ ಬರುತ್ತದೆ. ನಿಮಿಷಕ್ಕೊಂದರಂತೆ ಮುಂದೆ ಬಂದು ಸೇರುವ ಬಸ್ಸು ನಿಮ್ಮ ಮೇಲೆ ಹೊರಿಸುವ ವಿಳಂಬ ಒಂದೆರಡು ಕಾರು ನುಗ್ಗಿದಷ್ಟೇ.

ಆದರೆ ಎರಡು ಷರತ್ತುಗಳಿವೆ, 2019ರ ಪ್ರಯೋಗದಲ್ಲಿ ಇವನ್ನು ಯಾರೂ ಜನರಿಗೆ ಬಿಡಿಸಿ ಹೇಳಲಿಲ್ಲ. ಮೊದಲನೆಯದು, ಬಸ್ ಪಥ ನಾಳದ ಬಾಯಿಯವರೆಗೆ ಹೋಗಬಾರದು. ಕೂಡುಜಾಗಕ್ಕೆ ಸುಮಾರು ನೂರು ಮೀಟರ್ ಮೊದಲೇ ಅದು ಮುಗಿಯಬೇಕು. ಕೊನೆಯ ಆ ತುಂಡಿನಲ್ಲಿ ಮೂರೂ ಪಥಗಳನ್ನು ಎಲ್ಲ ವಾಹನಗಳೂ ಬಳಸಬೇಕು. ಇಲ್ಲದಿದ್ದರೆ ನಾವು ನಾಳವನ್ನೇ ಕಿರಿದು ಮಾಡಿದಂತಾಗುತ್ತದೆ, ಆಗ ಬೆಳ್ಳಂದೂರಿನವರು ಹೇಳುವ ಒಂದೂವರೆ ಪಟ್ಟು ನಿಜವಾಗುತ್ತದೆ. ಎರಡನೆಯದು, 3 ಕಿ.ಮೀ. ಆದ ಸಾಲಿನ ಬಾಲ ಹಿಂದಿನ ಇನ್ನೊಂದು ಕೂಡುರಸ್ತೆಯನ್ನು ಮುಚ್ಚುವಂತಿರಬಾರದು. ಮುಚ್ಚಿದರೆ ಸಾಲಿಗೆ ಸಂಬಂಧವೇ ಇಲ್ಲದ ಸರ್ಜಾಪುರದವರೂ ಸಿಕ್ಕಿಬೀಳುತ್ತಾರೆ. ಅಂಥ ಕಡೆ ಬಸ್ ಪಥವನ್ನು ತುಂಡು ಮಾಡಬೇಕು. 'ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಬಿಡದೆ ಬಸ್ ಪಥ' ಎಂಬುದು ಕೇಳಲು ಚೆನ್ನ. ಸಾಲು ನಿಲ್ಲುವ ಕಡೆಗಳಲ್ಲಿ ಮಾತ್ರ ತುಂಡು ತುಂಡಾಗಿ ಕೊಟ್ಟರೂ ಲಾಭದ ಬಹುಪಾಲು ಸಿಗುತ್ತದೆ, ಏಕೆಂದರೆ ಸಾಲೇ ಇಲ್ಲದ ಕಡೆ ಬಸ್ಸಿಗೆ ಪ್ರತ್ಯೇಕ ಪಥದಿಂದ ಆಗಬೇಕಾದದ್ದು ಏನೂ ಇಲ್ಲ.

ದ್ವಿಚಕ್ರ ಸವಾರ:

ನಾಳದ ಬಾಯಿಯನ್ನೇ ದೊಡ್ಡದು ಮಾಡಬಾರದೇಕೆ? ಮೇಲ್ಸೇತುವೆ, ಸುರಂಗ ಎಂದು ದಿನವೂ ಕೇಳುತ್ತಿದ್ದೇವೆ.

ನಿವೃತ್ತ ಎಂಜಿನಿಯರ್:

ಒಂದು ನಾಳವನ್ನು ಅಗಲಿಸಿದರೆ ಸಾಲು ಮುಂದಿನ ನಾಳಕ್ಕೆ ಹೋಗಿ ನಿಲ್ಲುತ್ತದೆ. ಹೆಬ್ಬಾಳದ ಮೇಲ್ಸೇತುವೆ ಕಟ್ಟಿದ್ದು 2003ರಲ್ಲಿ. 2025ರಲ್ಲೂ ಅಲ್ಲಿಗೆ ಹೊಸ ಲೂಪ್ ಸೇರಿಸುತ್ತಿದ್ದೆವು. ಕಟ್ಟಬಾರದು ಎನ್ನುವುದಿಲ್ಲ, ನಾನೇ ಕೆಲವನ್ನು ಕಟ್ಟಿಸಿದವನು. ಆದರೆ ಇಲ್ಲಿನ ವಿಷಯ ಬಸ್ ಪಥ.

ಬೆಳ್ಳಂದೂರಿನ ಕಾರು ಮಾಲೀಕ:

ಲಾಳಿಕೆಯ ವಿವರಣೆ ಅರ್ಥವಾಯಿತು. ನೂರು ಮೀಟರ್ ಮೊದಲೇ ಮುಗಿಸುವ ಮಾತನ್ನು ಯಾರಾದರೂ 2019ರಲ್ಲಿ ಹೇಳಿದ್ದರೆ ನಾನು ಅಷ್ಟು ಕೂಗಾಡುತ್ತಿರಲಿಲ್ಲವೇನೋ. ಕೊನೆಯದಾಗಿ ಒಂದು ಅನುಮಾನ. ನೀಲಿ ಮಾರ್ಗ ಓಡತೊಡಗಿದ ಮೇಲೆ ಬಸ್ಸಿನವರೆಲ್ಲ ಮೆಟ್ರೊ ಹತ್ತುತ್ತಾರೆ. ಆಮೇಲೆ ಬಸ್ ಪಥ ಯಾರಿಗೆ?

ಮಾರತಹಳ್ಳಿ ನಿವಾಸಿ:

ಈ ಪ್ರಶ್ನೆಗೆ ನಾನೇ ಉತ್ತರಿಸಲು ಪ್ರಯತ್ನಿಸುತ್ತೇನೆ, ಏಕೆಂದರೆ ಮೇಲಿನ ಮಾತುಗಳನ್ನೆಲ್ಲ ಓದುತ್ತ ನನ್ನ ಅಭಿಪ್ರಾಯ ಒಂದು ಕಡೆ ಗಟ್ಟಿಯಾಗಿದೆ.

ಮೆಟ್ರೊ ಒಂದೇ ದಿನದಲ್ಲಿ ಪೂರ್ಣವಾಗಿ ಬರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆದಾಗ ಇದ್ದದ್ದು ಮೂರು ರೈಲುಗಳು, 25 ನಿಮಿಷಕ್ಕೊಂದು. ನೀಲಿ ಮಾರ್ಗದ ಈ ಭಾಗದಲ್ಲಿ 13 ನಿಲ್ದಾಣಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಸರಾಸರಿ ಒಂದೂವರೆ ಕಿ.ಮೀ. ದೂರ. ನಿಲ್ದಾಣದಿಂದ ಕಚೇರಿಗೆ, ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ, ವರ್ತೂರಿಗೆ ಜನರನ್ನು ತಲುಪಿಸುವುದು ಬಸ್ಸೇ. ಆ ಬಸ್ಸು ಸಿಕ್ಕಿಹಾಕಿಕೊಂಡರೆ ಮೆಟ್ರೊ ಇದ್ದೂ ಜನ ಕಾರು ತೆಗೆಯುತ್ತಾರೆ.

ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಮೆಟ್ರೊಗೆ ಒಂದಷ್ಟು ಜನ ಹೋಗಿ ರಸ್ತೆ ಸ್ವಲ್ಪ ಸಡಿಲವಾದರೆ, ಆ ಸಡಿಲವನ್ನು ಕಂಡು ಇಷ್ಟು ದಿನ ದಟ್ಟಣೆಗೆ ಹೆದರಿ ಮನೆಯಲ್ಲಿದ್ದವರು, ಬೇರೆ ದಾರಿ ಹಿಡಿದವರು, ಬೆಳಿಗ್ಗೆ ಏಳಕ್ಕೇ ಹೊರಡುತ್ತಿದ್ದವರು ಮರಳಿ ಇದೇ ರಸ್ತೆಗೆ ಇದೇ ಹೊತ್ತಿಗೆ ಬರುತ್ತಾರೆ. ಖಾಲಿಯಾದ ಜಾಗ ತುಂಬಿಕೊಳ್ಳುವ ಈ ಗುಣವನ್ನು ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ವಿವರಿಸಿದ್ದರು. ಒಮ್ಮೆ ತುಂಬಿದ ಮೇಲೆ ಅದರಲ್ಲಿ ಒಂದು ಪಥ ಕೇಳಿದರೆ 2019ರ ಜಗಳವೇ ಮತ್ತೆ ಶುರುವಾಗುತ್ತದೆ, ಏಕೆಂದರೆ ಆಗ ನಾವು ಕಿತ್ತುಕೊಳ್ಳುತ್ತಿರುತ್ತೇವೆ.

ಕಿತ್ತುಕೊಳ್ಳದೆ ಪಡೆಯುವ ಅವಕಾಶ ಒಂದೇ ಒಂದು ಸಲ ಬರುತ್ತದೆ. ಇಷ್ಟು ವರ್ಷ ಬ್ಯಾರಿಕೇಡ್ ಇರುವ ಕಡೆಗಳಲ್ಲೆಲ್ಲ ನಾವು ಎರಡೇ ಪಥದಲ್ಲಿ, ಕೆಲವು ಕಡೆ ಅದಕ್ಕೂ ಕಡಿಮೆಯಲ್ಲಿ ಓಡಾಡುತ್ತ ಬಂದಿದ್ದೇವೆ. ಬ್ಯಾರಿಕೇಡ್ ಸರಿದು ಡಾಂಬರು ಹಾಕಿದ ದಿನ ಮೂರನೆಯ ಪಥ ಮರಳಿ ಸಿಗುತ್ತದೆ. ಅಂದೇ, ಅದೇ ಬಣ್ಣ ಬಳಿಯುವ ಕೆಲಸದಲ್ಲೇ, ಎಂಜಿನಿಯರ್ ಸರ್ ಹೇಳಿದ ತುಂಡುಗಳಲ್ಲಿ ಎಡಗಡೆಯ ಪಥವನ್ನು ಬಸ್ಸಿಗೆ ಬರೆದುಬಿಟ್ಟರೆ ಕಾರಿನವರಿಗೆ ನಿನ್ನೆ ಇದ್ದ ಎರಡು ಪಥ ಇಂದೂ ಇರುತ್ತವೆ. ಅವರು ಕಳೆದುಕೊಂಡದ್ದು ಏನೂ ಇಲ್ಲ. ಒಂದು ತಿಂಗಳು ಮೂರೂ ಪಥಗಳಲ್ಲಿ ಓಡಾಡಿ ರುಚಿ ಹತ್ತಿದ ಮೇಲೆ ಕೇಳಿದರೆ ಅದೇ ಪಥ ಅವರ ಪಿತ್ರಾರ್ಜಿತವಾಗಿರುತ್ತದೆ.

ಅದಕ್ಕೆ ಅಡ್ಡಿ ಯಾವುದೆಂದರೆ, ರಸ್ತೆ ಒಬ್ಬರದು, ಬಸ್ಸು ಇನ್ನೊಬ್ಬರದು, ಸಿಗ್ನಲ್ಲು ಪೊಲೀಸರದು, ಕಂಬ ಮೆಟ್ರೊದವರದು. 2025ರ ಸೆಪ್ಟೆಂಬರ್‌ನಿಂದ ನಗರಪಾಲಿಕೆಯೇ ಐದಾಗಿದೆ. ಇವರೆಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಲೆಂದೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು 2022ರಲ್ಲಿ ಮಾಡಲಾಯಿತು. ಬ್ಯಾರಿಕೇಡ್ ತೆಗೆಯುವ ವೇಳಾಪಟ್ಟಿ ಮತ್ತು ಪಥ ಬರೆಯುವ ನಕ್ಷೆ ಎರಡೂ ಒಂದೇ ಕಡತದಲ್ಲಿರಬೇಕು ಎಂದು ಆ ಪ್ರಾಧಿಕಾರಕ್ಕೆ ಮನವಿ ಬರೆಯೋಣ ಎಂಬುದು ನನ್ನ ಸಲಹೆ.

ಕಂಪನಿ ಕ್ಯಾಬ್ ಚಾಲಕ:

ನಮ್ಮ ಟೆಂಪೊ ಟ್ರಾವೆಲರಿನಲ್ಲಿ ಹನ್ನೆರಡು ಜನ ಇರುತ್ತಾರೆ. ನಮ್ಮನ್ನೂ ಆ ಪಥಕ್ಕೆ ಬಿಡುತ್ತೀರಾ?

ನಿವೃತ್ತ ಎಂಜಿನಿಯರ್:

ಕಂಪನಿಯ ದೊಡ್ಡ ಬಸ್ಸುಗಳನ್ನು ಬಿಡಬಹುದು, ಅವು ತುಂಬಿಯೇ ಬರುತ್ತವೆ, ದಾರಿಯಲ್ಲಿ ಹೆಚ್ಚು ನಿಲ್ಲುವುದೂ ಇಲ್ಲ. ಆಂಬುಲೆನ್ಸ್ ಸರಿಯೇ ಸರಿ. ನಿಮ್ಮ ವಿಷಯದಲ್ಲಿ ನನಗೆ ಹಿಂಜರಿಕೆ ಇದೆ, ತಪ್ಪು ತಿಳಿಯಬೇಡಿ. ಹನ್ನೆರಡು ಜನರಿದ್ದಾಗ ಬಿಡಬಹುದು, ಆದರೆ ಬರಿಗಾಡಿ ಹಿಂತಿರುಗುವಾಗ ತಡೆಯುವವರು ಯಾರು? ಟ್ರಾವೆಲರ್ ಬಂದ ಮೇಲೆ ಕ್ಯಾಬು, ಕ್ಯಾಬಿನ ಹಿಂದೆ ಬಿಳಿ ಬೋರ್ಡಿನ ಕಾರು. ದೆಹಲಿಯಲ್ಲಿ ಬಸ್ಸುಗಳು ತುಂಬಿಯೇ ಪಥ ಕಟ್ಟಿಕೊಂಡದ್ದನ್ನು ಮೇಲೆ ಓದಿದೆವಲ್ಲ. ಮೊದಲ ವರ್ಷ ಬೇಡ ಎಂಬುದು ನನ್ನ ಮತ.

500ಡಿ ಪ್ರಯಾಣಿಕೆ:

ಮನವಿಯಲ್ಲಿ ಒಂದು ಸಾಲನ್ನು ನನಗಾಗಿ ಸೇರಿಸಿ. ಬಸ್ಸಿನಿಂದ ಇಳಿದು ಕಚೇರಿಯ ಗೇಟಿನವರೆಗೆ ಸರ್ವಿಸ್ ರಸ್ತೆಯ ಅಂಚಿನಲ್ಲಿ ನಡೆಯುವ ಆ ಎಂಟುನೂರು ಮೀಟರೇ ನನ್ನ ಇಡೀ ಪ್ರಯಾಣದ ಕಷ್ಟದ ಭಾಗ. ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದೆ ಇರಬೇಕೆಂಬ ಮಾನದಂಡ ನಮ್ಮ ದೇಶದಲ್ಲೇ ಇದೆ. ಇಲ್ಲಿ ಅದು ಟ್ರಾನ್ಸ್‌ಫಾರ್ಮರ್, ಕೇಬಲ್ ಸುರುಳಿ, ನಿಲ್ಲಿಸಿದ ಬೈಕುಗಳ ನಡುವೆ ಮುಗಿದುಹೋಗುತ್ತದೆ. ಬಸ್ ಪಥ ಬಳಿಯುವ ಗುತ್ತಿಗೆಯಲ್ಲೇ ನಿಲ್ದಾಣದಿಂದ ಗೇಟಿನವರೆಗಿನ ಫುಟ್‌ಪಾತನ್ನೂ ಸೇರಿಸದಿದ್ದರೆ ಬೆಳ್ಳಂದೂರಿನವರ ಮನೆಯವರು ಎಂದಿಗೂ ಬಸ್ ಹತ್ತುವುದಿಲ್ಲ.

ಬೆಳ್ಳಂದೂರಿನ ಕಾರು ಮಾಲೀಕ:

ನನ್ನ ಹೆಂಡತಿಯೂ ಅದೇ ಮಾತು ಹೇಳುತ್ತಾಳೆ. ಮನವಿಗೆ ನನ್ನ ಹೆಸರನ್ನೂ ಹಾಕಿ, ಆದರೆ ಎರಡು ಷರತ್ತುಗಳನ್ನು ಬರವಣಿಗೆಯಲ್ಲಿ ಸೇರಿಸಬೇಕು: ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ ಅರುವತ್ತು ಬಸ್ಸು ಓಡಿಸಲಾಗದ ತುಂಡನ್ನು ಆರು ತಿಂಗಳ ಬಳಿಕ ಎಲ್ಲರಿಗೂ ತೆರೆಯಬೇಕು, ಕೂಡುಜಾಗಕ್ಕೆ ನೂರು ಮೀಟರ್ ಮೊದಲು ಪಥ ಮುಗಿಯಬೇಕು. ಆ ನೂರು ಮೀಟರನ್ನು ನಾನೇ ಟೇಪು ಹಿಡಿದು ಅಳೆಯುತ್ತೇನೆ.

ಮಾರತಹಳ್ಳಿ ನಿವಾಸಿ:

ಎರಡೂ ಷರತ್ತುಗಳನ್ನು ಸೇರಿಸುತ್ತೇನೆ. ಚಾಲಕರೇ, ಮೊದಲು ಯಾವ ತುಂಡುಗಳನ್ನು ಕೇಳಬೇಕೆಂದು ನೀವು ಹೇಳಿದರೆ ಒಳ್ಳೆಯದು. ನಕ್ಷೆ ನೋಡಿ ಬರೆಯುವುದಕ್ಕಿಂತ ಅದು ಹೆಚ್ಚು ಸರಿಯಾಗಿರುತ್ತದೆ.

ಬಸ್ ಚಾಲಕ:

ಸಂಜೆಯ ಹೊತ್ತಿಗೆ ಮಹದೇವಪುರ ದಾಟಿದ ಮೇಲೆ ಕೆ.ಆರ್. ಪುರದ ತೂಗುಸೇತುವೆಯ ಕಡೆ ಹೋಗುವ ಭಾಗ, ಅದೇ ಮೊದಲನೆಯದು. ಅಲ್ಲಿ ಒಂದೊಂದು ದಿನ ಪ್ರಯಾಣಿಕರು ಇಳಿದು ನಡೆದುಕೊಂಡು ಹೋಗಿ ನಮಗಿಂತ ಮೊದಲು ಮುಟ್ಟುತ್ತಾರೆ. ಬೆಳಿಗ್ಗೆ ಅಗರದಿಂದ ಇಬ್ಬಲೂರಿನ ಕಡೆ ಬರುವುದು ಎರಡನೆಯದು; ಆದರೆ ಅಲ್ಲಿ ಸರ್ಜಾಪುರ ರಸ್ತೆ ಸೇರುವುದಕ್ಕೆ ಮೊದಲೇ ನಿಲ್ಲಿಸಿ, ಎಂಜಿನಿಯರ್ ಸಾಹೇಬರು ಹೇಳಿದ್ದು ಸರಿ. ಮಾರತಹಳ್ಳಿ ಸೇತುವೆಯ ಹತ್ತಿರ ಪಥ ಕೇಳಬೇಡಿ, ಉಪಯೋಗವಿಲ್ಲ. ಅಲ್ಲಿ ಬೇಕಾಗಿರುವುದು ಎರಡು ಬಸ್ ಒಂದರ ಹಿಂದೆ ಒಂದು ನಿಲ್ಲುವಷ್ಟು ಉದ್ದದ ಸ್ಟಾಪು. ಈಗ ಒಂದೇ ನಿಲ್ಲುತ್ತದೆ, ಎರಡನೆಯದು ಪಕ್ಕಕ್ಕೆ ಅಡ್ಡ ನಿಂತು ಇಡೀ ರಸ್ತೆ ಮುಚ್ಚುತ್ತದೆ. ನಾಳೆ ಬೆಳಗಿನ ಡ್ಯೂಟಿ, ಉಳಿದದ್ದನ್ನು ಸಂಜೆ ಡಿಪೋದಲ್ಲಿ ಬೇರೆ ಡ್ರೈವರ್‌ಗಳನ್ನೂ ಕೇಳಿ ಬರೆಯುತ್ತೇನೆ.